ಕಂಟ್ರೋಲರ ಖಾಲಿ ಸ್ಟಾಪು

ನನ್ನನ್ನು ಅವರು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಪಿಯುಸಿಗೆ ಸೇರಿದ ಹೊಸತರಲ್ಲಿ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಅವರ ಕಿಟಕಿಯ ಮುಂದೆ ನಿಂತು, ಹರದನಹಳ್ಳಿಗೆ ಬಸ್ ಎಷ್ಟೊತ್ತಿಗೆ ಎಂದು ಕೇಳಿದ್ದೆ. ಅಂದಿನಿಂದ, ಹೋದ ತಿಂಗಳು ಅವರು ತೀರಿಕೊಳ್ಳುವವರೆಗೆ, ನಾನು ಅವರಿಗೆ ‘ಹರದನಹಳ್ಳಿ’. ನಾನೂ ಅವರ ಹೆಸರು ಹಿಡಿದು ಕರೆದವಳಲ್ಲ. ಬಸ್ಸುಗಳ ಹೊತ್ತು ನೋಡಿಕೊಳ್ಳುತ್ತಿದ್ದ ಅವರು ಬಸ್ ಸ್ಟ್ಯಾಂಡಿನ ಎಲ್ಲರಿಗೂ ಕಂಟ್ರೋಲರು, ನನಗೂ ಅಷ್ಟೆ. ಇಲ್ಲಿಯೂ ಹಾಗೇ ಇರಲಿ.

ಗುಂಡ್ಲುಪೇಟೆಯ ಅವರ ಮನೆಯಲ್ಲಿ ತಿಥಿಯ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ನಾನು ಬೇಗೂರು’ ಎಂದು ಪರಿಚಯ ಹೇಳಿಕೊಂಡರು. ಎದುರು ಸಾಲಿನ ಹೆಂಗಸು ‘ನಾನು ತೆರಕಣಾಂಬಿ’ ಎಂದಳು. ಹಪ್ಪಳ ಬಡಿಸುತ್ತಿದ್ದವರು ಬಗ್ಗಿ, ‘ನಾನು ಪುಣಜನೂರು ಕಣಮ್ಮ, ನೀವ್ಯಾವ್ದು?’ ಎಂದು ಕೇಳಿದರು. ಯಾರ ಹೆಸರೂ ಯಾರಿಗೂ ಬೇಕಾಗಲಿಲ್ಲ. ಪಾಯಸ ಬರುವ ಹೊತ್ತಿಗೆ ಆ ಪಂಕ್ತಿಯಲ್ಲೇ ಒಂದು ಒಳ್ಳೆಯ ರೂಟು ತಯಾರಾಗಿತ್ತು. ಸಾವಿನ ಮನೆಯಲ್ಲಿ ನಗಬಾರದು ಎನ್ನುತ್ತಾರೆ. ನಾವು ನಕ್ಕೆವು, ಅವರ ಹೆಂಡತಿಯೂ ಸೆರಗು ಅಡ್ಡ ಹಿಡಿದುಕೊಂಡು ನಕ್ಕರು.

ಕಂಟ್ರೋಲರು ಆಳು ಕುಳ್ಳು, ಮೈ ದುಂಡಗೆ, ಮೀಸೆಗೆ ತಪ್ಪದೆ ಬಣ್ಣ. ದನಿ ಮಾತ್ರ ಕಾಂಪೌಂಡು ದಾಟಿ ಎದುರಿನ ಹೂವಿನಂಗಡಿಯವರೆಗೆ ಹೋಗುತ್ತಿತ್ತು. ಬಸ್ ಸ್ಟ್ಯಾಂಡಿಗೆ ಮೈಕು ಬಂದಾಗ ಅವರು ಅದನ್ನು ಒಂದು ದಿನ ಬಳಸಿ, ‘ಇದ್ರಲ್ಲಿ ನನ್ ದನಿ ಸಣ್ಣಕಾಯ್ತದೆ’ ಎಂದು ಮೂಲೆಗಿಟ್ಟರು. ಯಾರೇ ಕಿಟಕಿಗೆ ಬರಲಿ, ಅವರ ಮೊದಲ ಮಾತು ‘ಎಲ್ಲಿಗೆ?’ ಎನ್ನುವುದು. ಹುಡುಗರಿಗೆ ‘ಎಲ್ಲಿಗ್ಲಾ?’, ನಮ್ಮಂಥವರಿಗೆ ‘ಎಲ್ಲಿಗಮ್ಮಿ?’. ಸತ್ಯಮಂಗಲದ ಕಡೆಯವರಿಗೆ ತಮಿಳಲ್ಲಿ ‘ಎಂಗೆ ಪೋಣುಂ?’. ಗುಂಡ್ಲುಪೇಟೆಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದರಿಂದ ಮಲಯಾಳದ ‘ಎವಿಡೇಕ್ಕಾ?’ ಕೂಡ ಬರುತ್ತಿತ್ತು. ಅದರಾಚೆ ಆ ಎರಡೂ ಭಾಷೆಯಲ್ಲಿ ಅವರಿಗೆ ಬರುತ್ತಿದ್ದುದು ಬರೀ ಊರುಗಳ ಹೆಸರು. ಅಷ್ಟು ಸಾಕಾಗಿತ್ತು, ಯಾರೂ ದಾರಿ ತಪ್ಪಿದ್ದು ನಾನು ಕೇಳಿಲ್ಲ.

ಅವರಿಗೆ ಒಂದು ಅಭ್ಯಾಸವಿತ್ತು. ಏನು ಬರೆಯುವುದಿದ್ದರೂ ಮೊದಲು ಮೇಲೆ, ಸರಿಯಾಗಿ ನಡುವೆ, ‘ಶ್ರೀ’ ಎಂದು ಬರೆಯಬೇಕು. ನಮ್ಮಲ್ಲಿ ಹಳಬರೆಲ್ಲ ಬರೆಯುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಆದರೆ ಇವರದು ಒಂದು ಕೈ ಜಾಸ್ತಿಯೇ. ರಜೆ ಅರ್ಜಿಗೆ ಶ್ರೀ, ದಿನಸಿ ಚೀಟಿಗೆ ಶ್ರೀ. ಡಾಕ್ಟರು ಬರೆದುಕೊಟ್ಟ ಔಷಧಿ ಚೀಟಿಯ ಮೇಲೂ ತಾವೇ ಒಂದು ಶ್ರೀ ಸೇರಿಸಿ ಮೆಡಿಕಲ್ ಸ್ಟೋರಿಗೆ ಕೊಡುತ್ತಿದ್ದರು. ಬಸ್ಸಿನ ಟೈಮಿಂಗು ಬರೆಯುವ ಕರಿಹಲಗೆಯಲ್ಲಿ ಪ್ರತಿದಿನ ಶ್ರೀಯನ್ನು ಬಟ್ಟೆಯಲ್ಲಿ ಒರೆಸಬೇಕಾಗುತ್ತದಲ್ಲ ಎಂದು ಕೊರಗಿ, ಕೊನೆಗೆ ಪೇಂಟರನ್ನು ಕರೆಸಿ ಹಲಗೆಯ ನೆತ್ತಿಯಲ್ಲಿ ಬಿಳಿ ಆಯಿಲ್ ಪೇಂಟಿನಲ್ಲಿ ಶ್ರೀ ಬರೆಸಿಬಿಟ್ಟರು. ಆಮೇಲೆ ಕೆಳಗಿನ ಬಸ್ಸುಗಳು ದಿನಾ ಬದಲಾದವು, ಶ್ರೀ ಅಲ್ಲೇ ಕೂತಿತ್ತು.

ಅವರ ಮನಸ್ಸಿಗೆ ಹಿಂಸೆಯಾಗುತ್ತಿದ್ದುದು ಒಂದೇ ಮಾತು. ‘ಇಲ್ಲ’ ಎನ್ನುವುದು. ಆ ಊರಿಗೆ ಈಗ ಬಸ್ಸಿದೆಯಾ ಎಂದು ಕೇಳಿದವರಿಗೆ ಇಲ್ಲ ಎಂದು ಹೇಳಲು ಅವರ ನಾಲಿಗೆ ಏಳುತ್ತಿರಲಿಲ್ಲ. ‘ಇಲ್ಲ ಅನ್ನದ್ಕೆ ಯಾಕೆ ಒಬ್ಬ ಕಂಟ್ರೋಲ್ರು ಬೇಕು, ಗೋಡೇನೇ ಯೇಳ್ತದೆ’ ಎನ್ನುತ್ತಿದ್ದರು. ಹಾಗಾಗಿ ಸುತ್ತುಬಳಸಿನ ದಾರಿ ಹುಡುಕಿ, ಇಂಥಲ್ಲಿ ಇಳಿ, ಇಂಥದ್ದನ್ನು ಹತ್ತು ಎಂದು ಕಳಿಸುತ್ತಿದ್ದರು. ಒಮ್ಮೆ ನಮ್ಮ ಕಾಲೇಜಿನ ಪರೀಕ್ಷೆ ತಡವಾಗಿ ಮುಗಿಯಿತು. ನಾವು ಓಡಿ ಬಂದಾಗ ಹೋಗಿರಬೇಕಾದ ಬಸ್ಸು ಇನ್ನೂ ನಿಂತೇ ಇತ್ತು. ಡ್ರೈವರನ್ನು ಕಿಟಕಿಯ ಹತ್ತಿರ ಕರೆದು ಟೀ ಕುಡಿಸುತ್ತಾ, ಆ ಡ್ರೈವರ ಮಗಳಿಗೆ ಗಂಡು ಹುಡುಕುವ ಮಾತು ತೆಗೆದು, ಇವರು ಬಸ್ಸನ್ನು ಹಿಡಿದಿಟ್ಟಿದ್ದರು. ನಾವು ಹತ್ತಿದ ಕೂಡಲೇ ಗಂಡಿನ ವಿಷಯ ಅರ್ಧಕ್ಕೆ ಬಿಟ್ಟು, ‘ಟೈಮಾಯ್ತಲ್ಲಯ್ಯ, ಇನ್ನೂ ಇಲ್ಲೇ ನಿಂತಿದ್ದೀಯಲ್ಲ’ ಎಂದು ಆ ಡ್ರೈವರನ್ನೇ ಗದರಿಸಿದರು.

ಅವರಿಗೆ ಎಲ್ಲಕ್ಕಿಂತ ಚೆಂದ ಕಾಣುತ್ತಿದ್ದುದು ಯಾರೂ ಇಲ್ಲದ ಸ್ಟಾಪು. ಸ್ಟಾಪ್ ಖಾಲಿ ಇದ್ದರೆ ಎಲ್ಲರೂ ಹತ್ತಿದ್ದಾರೆ ಎಂದರ್ಥ. ಸಾಯಂಕಾಲ ಡ್ಯೂಟಿ ಮುಗಿಸುವಾಗ ಒಂದು ಸಲ ಎಲ್ಲಾ ಕಡೆ ಕಣ್ಣು ಹಾಯಿಸಿ, ಬೆಂಚಿನ ಮೇಲೆ ಯಾರಾದರೂ ಉಳಿದಿದ್ದರೆ ಅವರಿಗೊಂದು ದಾರಿ ಮಾಡಿಯೇ ಗುಂಡ್ಲುಪೇಟೆ ಬಸ್ ಹತ್ತುತ್ತಿದ್ದರು.

ಅವರು ರಿಟೈರ್ ಆದ ಮೇಲೆ ನಮ್ಮ ಸ್ನೇಹ ಹೆಚ್ಚಾಯಿತು. ನಾನು ಚಾಮರಾಜನಗರದ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. ಪೆನ್ಷನ್ ಕಾಗದಕ್ಕೆ ಫೋಟೋ ತೆಗೆಸಿಕೊಳ್ಳಲು ಬಂದ ದಿನ, ನನ್ನ ಟೇಬಲ್ಲಿನ ಪಕ್ಕ ತೆರೆದಿದ್ದ ಹಳೆಯ ಮ್ಯಾಕ್ ಲ್ಯಾಪ್‌ಟಾಪನ್ನು ನೋಡಿದರು. ಮದುವೆಗಳಿಲ್ಲದ ಆಷಾಢದಲ್ಲಿ ಹೊತ್ತು ಕಳೆಯಲು ನಮ್ಮ ಓನರು ಅದರಲ್ಲಿ ಒಂದು ಆಟ ಹಾಕಿಕೊಂಡಿದ್ದರು. ರಸ್ತೆ ಹಾಕುವುದು, ಸ್ಟಾಪ್ ಇಡುವುದು, ಬಸ್ ಬಿಡುವುದು, ಇಷ್ಟೇ ಆಟ. ಪರದೆಯ ಮೇಲೆ ಇರುವೆಯಷ್ಟು ಬಸ್ಸುಗಳು ಹರಿದಾಡುತ್ತಿದ್ದವು. ಸ್ಟಾಪಿನಲ್ಲಿ ಸಾಸಿವೆಯಷ್ಟು ಜನ ಕಾಯುತ್ತಿದ್ದರು. ಇವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, ಫೋಟೋ ವಿಷಯ ಮರೆತು ಕೇಳಿದರು: ‘ಅಮ್ಮಿ, ಇಲ್ಲಿ ಇಷ್ಟು ಜನ ನಿಂತವ್ರಲ್ಲ, ಇವರು ಎಲ್ಲಿಗೆ?’

ಸ್ಟುಡಿಯೋಗೆ ಹೊಸ ಮಷೀನು ಬಂದಾಗ ಹಳೆಯ ಮ್ಯಾಕು ಕಂಟ್ರೋಲರ ಮನೆ ಸೇರಿತು, ಆಟದ ಸಮೇತ. ನಾನು ಹೋಗಿ ಕಲಿಸಿಕೊಟ್ಟೆ. ಕನ್ನಡ ಟೈಪಿಂಗೂ ಹಾಕಿಕೊಟ್ಟೆ. ವಾರಕ್ಕೊಮ್ಮೆ ಆಟದ ಸೇವ್ ಫೈಲನ್ನು, ಅಂದರೆ ಅಲ್ಲಿಯವರೆಗೆ ಆಡಿದ್ದನ್ನೆಲ್ಲ ಮಷೀನು ನೆನಪಿಟ್ಟುಕೊಳ್ಳುವ ಕಡತವನ್ನು, ಎಲ್ಲಿಂದ ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕು ಎಂದೂ ತೋರಿಸಿದೆ. ಮ್ಯಾಕಿನಲ್ಲಿ ಆ ಫೋಲ್ಡರು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮೆನು ತೆರೆಯುವಾಗ ಆಪ್ಷನ್ ಕೀ ಹಿಡಿದುಕೊಂಡರೆ ಮಾತ್ರ ಲೈಬ್ರರಿ ಎಂಬ ಹೆಸರು ಮೂಡುತ್ತದೆ. ‘ದೇವ್ರ ಕ್ವಾಣೆ ಇದ್ದಂಗೆ, ಎಲ್ಲರ್ಗೂ ಕಾಣ್ಬಾರ್ದು’ ಎಂದು ಅವರು ಒಪ್ಪಿಕೊಂಡರು.

ಆಟದೊಳಗೆ ಅವರು ಕಟ್ಟಿದ್ದು ನಮ್ಮ ಜಿಲ್ಲೆಯನ್ನೇ. ಪುಣಜನೂರು ಕಾಡಂಚಿನಲ್ಲಿ, ಈಚೆಗೆ ಹರದನಹಳ್ಳಿ, ಆಮೇಲೆ ಚಾಮರಾಜನಗರ, ಆಚೆ ಬದನಗುಪ್ಪೆ. ಪಶ್ಚಿಮಕ್ಕೆ ತೆರಕಣಾಂಬಿ ದಾಟಿ ಗುಂಡ್ಲುಪೇಟೆ. ಊರ ಹೆಸರನ್ನು ಕನ್ನಡದಲ್ಲೇ ಬರೆದಿದ್ದರು. ಆ ಆಟಕ್ಕೆ ಕನ್ನಡ ಸರಿಯಾಗಿ ಬಾರದೆ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ನಿಲ್ಲುತ್ತಿದ್ದವು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಕೆಲಸದಲ್ಲಿದ್ದಾಗ ಯಾರ್ಯಾರನ್ನು ನೇರ ಬಸ್ಸಿಲ್ಲದೆ ಸುತ್ತುಬಳಸಿ ಕಳಿಸಬೇಕಾಗಿ ಬಂದಿತ್ತೋ ಅವರಿಗೆಲ್ಲ ಇಲ್ಲಿ ಒಂದೊಂದಾಗಿ ಬಸ್ ಬಿಡುತ್ತಾ ಹೋದರು. ‘ಇವತ್ತು ಆ ಕೋಳಿ ಬುಟ್ಟಿ ಮುದುಕಿಗೆ ಬಸ್ ಬುಟ್ಟೆ ಕಣಮ್ಮಿ’ ಎಂದು ಫೋನ್ ಮಾಡುತ್ತಿದ್ದರು. ಆ ಮುದುಕಿ ಈಗ ಇದ್ದಾಳೋ ಇಲ್ಲವೋ, ಯಾರಿಗೆ ಗೊತ್ತು. ಅವರ ಹೆಂಡತಿ ಮಾತ್ರ, ‘ರಿಟೇರಾದ್ರೆ ಮನೇಲಿರ್ತಾರೆ ಅಂದ್ಕಂಡಿದ್ದೆ, ಬಸ್ ಸ್ಟ್ಯಾಂಡೇ ಮನೆಗ್ ಬಂತು’ ಎನ್ನುತ್ತಿದ್ದರು.

ಈ ಆಟ ಬರೀ ಆಟವಾಗಿ ಉಳಿಯದಿರಲು ಕಾರಣ ನನ್ನ ಅತ್ತಿಗೆ. ನಮ್ಮಣ್ಣನ ಹೆಂಡತಿ. ಹರದನಹಳ್ಳಿಯ ಇನ್ನೂ ಕೆಲವು ಹೆಂಗಸರ ಜೊತೆ ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಹೊಲಿಗೆ ಫ್ಯಾಕ್ಟರಿಗೆ ಹೋಗುತ್ತಾಳೆ. ಅಂಗಿಯ ಕಾಲರು ಹೊಲಿಯುವುದು ಅವಳ ಕೆಲಸ. ರಸ್ತೆಯಲ್ಲಿ ಎದುರಾದವರ ಮುಖ ಆಮೇಲೆ, ಕಾಲರು ಮೊದಲು ನೋಡುತ್ತಾಳೆ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಕಷ್ಟವೆಲ್ಲ ಬಸ್ಸಿನದು. ನಮ್ಮೂರಿನ ಬಸ್ಸು ಚಾಮರಾಜನಗರಕ್ಕೆ ಬರುವ ಹೊತ್ತಿಗೆ ಸರಿಯಾಗಿ ಬದನಗುಪ್ಪೆಯ ಬಸ್ಸು ಗೇಟು ದಾಟುತ್ತಿರುತ್ತಿತ್ತು. ಇವರಿಗೆ ಸಿಗುತ್ತಿದ್ದುದು ಅದರ ಹಿಂಭಾಗದ ದರ್ಶನ. ಫ್ಯಾಕ್ಟರಿಯವರು ಕೆಲವು ತಿಂಗಳು ಸಹಿಸಿಕೊಂಡರು. ದಸರಾ ಹತ್ತಿರವಾದಾಗ, ದೀಪಾವಳಿ ಆದ ಮೇಲೂ ಹೀಗೇ ತಡವಾದರೆ ಬರುವುದು ಬೇಡ ಎಂದು ಹೇಳಿಬಿಟ್ಟರು.

ಅತ್ತಿಗೆ ನನ್ನ ಜೊತೆ ಬಂದು ಕಂಟ್ರೋಲರಿಗೆ ಹೇಳಿಕೊಂಡಳು. ಹರದನಹಳ್ಳಿ ಎಂಬ ಹೆಸರು ಆಗಲೇ ನನಗೆ ಸಂದಿದ್ದರಿಂದ ಅವಳು ‘ಬದನಗುಪ್ಪೆ’ ಆದಳು. ಅವರು ಆಟದಲ್ಲೇ ಹುಡುಕಿದರು. ಬೆಳಿಗ್ಗೆ ಪುಣಜನೂರಿನಿಂದ ಬರುವ ಬಸ್ಸು ಚಾಮರಾಜನಗರಕ್ಕೆ ಬಂದು, ಮುಂದಿನ ಟ್ರಿಪ್ಪಿನವರೆಗೆ ಸುಮ್ಮನೆ ನಿಂತಿರುತ್ತದೆ. ಅದನ್ನು ಸ್ವಲ್ಪ ಬೇಗ ಹೊರಡಿಸಿ, ಆ ನಿಂತಿರುವ ಹೊತ್ತಿನಲ್ಲೇ ಬದನಗುಪ್ಪೆಗೆ ಹೋಗಿ ಬರುವಂತೆ ಮಾಡಿದರೆ ಯಾವ ಬಸ್ಸೂ ಹೊಸದಾಗಿ ಬೇಡ, ಇಳಿದು ಹತ್ತುವುದೂ ಬೇಡ. ಆಟದಲ್ಲಿ ಬಿಟ್ಟು ನೋಡಿದರು. ಬೇರೆ ಯಾವ ಟ್ರಿಪ್ಪೂ ತಪ್ಪಲಿಲ್ಲ. ಅದನ್ನೇ ಅರ್ಜಿಯಲ್ಲಿ ಬರೆದು, ಮೇಲೆ ಶ್ರೀ ಹಾಕಿ, ಡಿಪೋ ಮ್ಯಾನೇಜರಿಗೆ ಕೊಟ್ಟರು.

ಮ್ಯಾನೇಜರು ಒಳ್ಳೆಯವರೇ. ಆದರೆ ಅವರ ಮೇಜಿನ ಮೇಲೆ ಅಂಥ ಅರ್ಜಿಗಳು ರಾಶಿ ಬಿದ್ದಿದ್ದವು. ‘ಕಾಗದದ ಮೇಲೆ ಎಲ್ಲಾ ಬಸ್ಸೂ ಓಡ್ತವೆ ಸ್ವಾಮಿ’ ಎಂದರಂತೆ. ಇವರು ಬಿಡುವ ಆಸಾಮಿಯೇ? ‘ಕಾಗ್ದ ಬುಡಿ ಸಾ, ಓಡ್ಸೇ ತೋರಿಸ್ತೀನಿ’ ಎಂದರು. ಹೊಸ ಟೈಮಿಂಗು ಗೊತ್ತುಮಾಡಲು ಕೂರುವುದು ವಿಜಯದಶಮಿಯ ಮರುದಿನ, ಅವತ್ತು ಬೆಳಿಗ್ಗೆ ಬನ್ನಿ, ಆಮೇಲೆ ಬಂದರೆ ಮುಂದಿನ ವರ್ಷವೇ ಎಂದು ಮ್ಯಾನೇಜರು ಒಪ್ಪಿದರು.

ವಿಜಯದಶಮಿಯ ಬೆಳಿಗ್ಗೆ ನನಗೆ ಫೋನ್ ಬಂತು. ಅವರ ದನಿ ಮೊದಲ ಸಲ ಸಣ್ಣಗೆ ಕೇಳಿಸಿತು.

‘ಹರದನಹಳ್ಳಿ, ಆಟ ತೆರೀತಾ ಇಲ್ಲ ಕಣಮ್ಮಿ. ಒಂದ್ ಬಸ್ಸೂ ಇಲ್ಲ.’

ನಾನೂ ಅತ್ತಿಗೆಯೂ ಗುಂಡ್ಲುಪೇಟೆ ಬಸ್ ಹತ್ತಿದೆವು. ಬಸ್ಸಿನ ಮುಂದೆ ಹಿಂದಿನ ದಿನದ ಆಯುಧಪೂಜೆಯ ಬಾಳೆಕಂದು ಬಾಡಿ ಅಲ್ಲಾಡುತ್ತಿತ್ತು. ಅತ್ತಿಗೆ ದಾರಿಯುದ್ದಕ್ಕೂ ಯಾರ ಕಾಲರನ್ನೂ ನೋಡಲಿಲ್ಲ. ಮದುವೆ ಆಲ್ಬಂ ಹಾಳಾದರೆ ಫೋಟೋಗಳನ್ನು ಮತ್ತೆ ಜೋಡಿಸಬಹುದು. ಇದು ಅವರು ವರ್ಷಗಟ್ಟಲೆ ಕೂತು ಕಟ್ಟಿದ್ದು, ಮತ್ತೆ ಕಟ್ಟಲು ನಮ್ಮ ಕೈಲಿ ಇದ್ದದ್ದು ಒಂದು ಹಗಲು.

ಕಂಟ್ರೋಲರು ನಡುಮನೆಯಲ್ಲಿ ಮ್ಯಾಕಿನ ಮುಂದೆ ಕೂತಿದ್ದರು. ಮ್ಯಾಕಿನ ಒಂದು ಪಕ್ಕದಲ್ಲಿ ಸೇವಂತಿಗೆ, ಇನ್ನೊಂದು ಪಕ್ಕದಲ್ಲಿ ನಿಂಬೆಹಣ್ಣು. ಅವರ ಹೆಂಡತಿ ಬಾಗಿಲಲ್ಲೇ ಪಿಸುಗುಟ್ಟಿದರು, ‘ಬೆಳಿಗ್ಗೆಯಿಂದ ಕಾಫಿ ಮುಟ್ಟಿಲ್ಲ ನೋಡವ್ವ.’

ಆಟವೇನೋ ಶುರುವಾಗುತ್ತಿತ್ತು. ಹಳೆಯದನ್ನು ತೆರೆಯಲು ಒತ್ತಿದರೆ ಬಣ್ಣದ ಚಕ್ರ ಸ್ವಲ್ಪ ಹೊತ್ತು ತಿರುಗಿ, ಫೈಲನ್ನು ಓದಲಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಚೌಕ ಬರುತ್ತಿತ್ತು. ಮೊದಲು ಮಷೀನನ್ನು ಆರಿಸಿ ಹಚ್ಚಿದೆ. ಅದೇ ಚೌಕ. ಪೆನ್‌ಡ್ರೈವಿನಲ್ಲಿ ನಕಲು ಇದೆಯಲ್ಲ ಎಂದು ಧೈರ್ಯವಾಗಿ ಅದನ್ನು ಹಾಕಿದೆ. ಅದಕ್ಕೂ ಅದೇ ಚೌಕ. ಆಗ ನನ್ನ ಧೈರ್ಯ ಸ್ವಲ್ಪ ಇಳಿಯಿತು.

‘ಏನಾರ ಅಪ್ಡೇಟ್ ಮಾಡಿದ್ರಾ?’ ಎಂದು ಕೇಳಿದೆ.

‘ಇಲ್ಲ ಕಣಮ್ಮಿ.’

‘ಏನನ್ನಾದರೂ ಅಳಿಸಿದ್ರಾ? ಬೇರೆ ಕಡೆ ಎಳೆದುಹಾಕಿದ್ರಾ?’

‘ಒಂದ್ ಸುತ್ತಿಗೆ ಇಲ್ಲ, ಒಂದ್ ಸ್ಪ್ಯಾನರ್ ಇಲ್ಲ. ನಾನೇನ್ ಮಾಡ್ಲಿ ಅದಕ್ಕೆ?’ ಎಂದು ರೇಗಿದರು. ರೇಗಿದ್ದು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ಅವರ ದನಿ ವಾಪಸು ಬಂದಿತ್ತು.

ಮುಟ್ಟುವ ಮೊದಲು ಕೆಟ್ಟ ಫೈಲಿಗೂ ಒಂದು ನಕಲು ತೆಗೆದು ಡೆಸ್ಕ್‌ಟಾಪಿನಲ್ಲಿಟ್ಟೆ. ಅವರು ತಲೆದೂಗಿ, ‘ಸ್ಪೇರ್ ಬಸ್ಸು’ ಎಂದರು. ಆಮೇಲೆ ಹೊಸ ಆಟ ಶುರುಮಾಡಿ, ಒಂದು ರಸ್ತೆ ಹಾಕಿ, ಒಂದು ಬಸ್ ಬಿಟ್ಟು, ಸೇವ್ ಮಾಡಿ, ಆಟ ಮುಚ್ಚಿ, ಮತ್ತೆ ತೆರೆದೆ. ಸರಾಗವಾಗಿ ತೆರೆಯಿತು. ಅಂದರೆ ಮ್ಯಾಕೂ ಸರಿ, ಆಟವೂ ಸರಿ. ರೋಗ ಇರುವುದು ಹಳೆಯ ಫೈಲಿನ ಒಳಗೇ. ಆ ಆಟದ ಸೇವ್ ಫೈಲು ಸಾಮಾನ್ಯ ಅಕ್ಷರಗಳಲ್ಲೇ ಇರುತ್ತಿತ್ತು, ಬರೆಯುವ ಸಾಫ್ಟ್‌ವೇರಿನಲ್ಲಿ ತೆರೆದರೆ ಓದಬಹುದು. ಹೊಸದನ್ನೂ ಹಳೆಯದನ್ನೂ ಅಕ್ಕಪಕ್ಕ ತೆರೆದಿಟ್ಟೆ.

ಹೊಸ ಫೈಲು ಒಂದು ಬ್ರಾಕೆಟ್ಟಿನಿಂದ ಶುರುವಾಗುತ್ತಿತ್ತು. ಹಳೆಯದರಲ್ಲೂ ಬ್ರಾಕೆಟ್ ಇತ್ತು, ಆದರೆ ಎರಡನೇ ಸಾಲಿನಲ್ಲಿ. ಮೊದಲ ಸಾಲಿನಲ್ಲಿ, ಎಡಗಡೆ ಜಾಗ ಬಿಟ್ಟು, ಸರಿಯಾಗಿ ನಡುವೆ, ‘ಶ್ರೀ’ ಎಂದಿತ್ತು.

ನಾನು ತಿರುಗಿ ಅವರ ಮುಖ ನೋಡಿದೆ. ಅವರು ಸೇವಂತಿಗೆ ನೋಡುತ್ತಿದ್ದರು.

‘ಓದ್ಸಲ ಕುಂಕುಮ ಅಚ್ಬೇಡಿ ಅಂದಿದ್ದೆ ನೀನು’ ಎಂದರು ಕೊನೆಗೆ. ನಿಜ. ಹಿಂದಿನ ವರ್ಷ ಆಯುಧಪೂಜೆಗೆ ಅವರು ಕೀಬೋರ್ಡಿಗೆ ಹಚ್ಚಿದ್ದ ಕುಂಕುಮವನ್ನು ನಾನು ಬ್ರಷ್ಷಿನಲ್ಲಿ ಅರ್ಧ ದಿನ ಕೂತು ತೆಗೆದಿದ್ದೆ. ‘ಅದ್ಕೆ ಈ ಸಲ ಅಚ್ಲಿಲ್ಲ. ಊವ ಮಡಗ್ದೆ, ನಿಂಬೆಹಣ್ ಮಡಗ್ದೆ. ಆದ್ರೂ ಮನ್ಸಿಗೆ ಸರೋಗ್ಲಿಲ್ಲ ಕಣಮ್ಮಿ. ಡಿಪೋಲಿ ಪ್ರತಿ ಬಸ್ಸಿಗೂ ನನ್ ಕೈಯಾರೆ ಕುಂಕುಮ ಇಟ್ಟವ್ನು ನಾನು. ಈ ಬಸ್ಗಳಿಗೆ ಎಲ್ಲಿ ಇಡ್ಲಿ? ಆ ಫೈಲ್ನೇ ತೆರ್ದು ಒಳಗೇ ಓಗಿ, ಎಲ್ಲಾ ಬಸ್ಸಿಗೂ ಸೇರಿ ನೆತ್ತಿ ಮ್ಯಾಲೆ ಒಂದ್ ಶ್ರೀ ಬರ್ದೆ. ಆಮೇಲೆ ನೀನ್ ಯೇಳ್ಕೊಟ್ಟಂಗೆ ಪೆನ್‌ಡ್ರೈವಿಗೂ ಹಾಕ್ಕಂಡೆ.’

ಪೆನ್‌ಡ್ರೈವಿನಲ್ಲಿದ್ದ ಒಳ್ಳೆಯ ನಕಲಿನ ಮೇಲೆ ಶ್ರೀ ಬರೆದ ನಕಲು ಕೂತಿತ್ತು. ಅವರು ನಾನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದರು. ಪೂಜೆಯ ದಿನ ಆಯುಧ ಬಳಸಬಾರದೆಂದು ಅವತ್ತು ಆಟ ತೆರೆಯಲೇ ಇಲ್ಲ, ಹಾಗಾಗಿ ಗೊತ್ತಾಗಿದ್ದು ಮರುದಿನ. ಅತ್ತಿಗೆ ಸೆರಗನ್ನು ಬಾಯಿಗಿಟ್ಟುಕೊಂಡಳು. ಬೆಳಿಗ್ಗೆಯಿಂದ ಅಳು ನುಂಗಿಕೊಂಡಿದ್ದವಳಿಗೆ ಈಗ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಅವರ ಹೆಂಡತಿ ಅಡುಗೆಮನೆಯಿಂದ, ‘ನಂಗ್ ಗೊತ್ತಿತ್ತು’ ಎಂದರು. ಅವರಿಗೆ ಏನು ಗೊತ್ತಿತ್ತೋ ದೇವರೇ ಬಲ್ಲ.

‘ಇಷ್ಟೇ ಕಂಟ್ರೋಲ್ರೇ. ಆಟಕ್ಕೆ ಮೊದಲ ಅಕ್ಷರವೇ ಬ್ರಾಕೆಟ್ ಸಿಗಬೇಕು. ಇದನ್ನ ಅಳಿಸಿದ್ರೆ ಆಯ್ತು’ ಎಂದು ಡಿಲೀಟ್ ಕೀಗೆ ಬೆರಳು ಒಯ್ದೆ.

‘ತಡಿ’ ಎಂದರು.

ನನ್ನ ಬೆರಳು ಅಲ್ಲೇ ನಿಂತಿತು.

‘ಆಯಿಲ್ ಪೇಂಟಲ್ ಬರ್ಸಿದ್ ಯಾಕೆ ಅನ್ಕಂಡಿದ್ದೀಯೆ? ಅಳಿಸ್ಬಾರ್ದು ಅಂತ. ಅವತ್ತಿಂದ ನಾನ್ ಬರ್ದಿರೋ ಶ್ರೀನ ಇವತ್ತಿನ್ವರ್ಗೂ ಅಳ್ಸಿಲ್ಲ ಕಣಮ್ಮಿ. ಅದೂ ಹಬ್ಬದ್ ದಿವ್ಸ.’

ನಾನು ವಾದಿಸಬಹುದಿತ್ತು. ಆದರೆ ನಿಜ ಹೇಳಬೇಕೆಂದರೆ ನನಗೂ ಕೈ ಬರಲಿಲ್ಲ. ನಾನು ದಿನಾ ಕಂಪ್ಯೂಟರಿನಲ್ಲಿ ಸಾವಿರ ಸಲ ಡಿಲೀಟ್ ಒತ್ತುವವಳು. ವಧುವಿನ ಮೊಡವೆ, ಮಂಟಪದ ವೈರು, ಕರೆಯದೆ ಬಂದ ಚಿಕ್ಕಪ್ಪ, ಎಲ್ಲವನ್ನೂ ಅಳಿಸಿದ್ದೇನೆ. ಆದರೆ ಪರದೆಯ ಮೇಲೆ ಒಂಟಿಯಾಗಿ ನಿಂತಿದ್ದ ಆ ಶ್ರೀಯ ಮುಂದೆ ನನ್ನ ಬೆರಳು ಇಳಿಯಲಿಲ್ಲ. ಅತ್ತಿಗೆಯನ್ನು ನೋಡಿದೆ. ನೌಕರಿ ಅವಳದು ತಾನೆ, ಒತ್ತಲಿ ಎಂದು. ಅವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. ಒಂದು ಬಸ್ಸು, ಒಂದೂರಿನ ಹೆಂಗಸರ ಕೆಲಸ, ಮರುದಿನ ಬೆಳಗಿನ ಭೇಟಿ, ಎಲ್ಲವೂ ಒಂದು ಅಕ್ಷರದ ಮುಂದೆ ಕೈಕಟ್ಟಿ ನಿಂತವು.

ಕೊನೆಗೆ ದಾರಿ ಹೇಳಿದ್ದು ಅತ್ತಿಗೆ. ‘ಅಳ್ಸದ್ ಯಾಕೆ ಸಾ? ಕಾಲರ್ರು ಒಂದ್ ಕಡೆ ಸರಿಯಾಗಿ ಕೂರ್ನಿಲ್ಲ ಅಂದ್ರೆ ಬಿಚ್ಚಿ ಇನ್ನೊಂದ್ ಕಡೆ ಕೂರಿಸ್ತೀವಿ, ಬಿಸಾಕಲ್ಲ. ಶ್ರೀನ ಇಲ್ಲಿಂದ ತಗ್ದು ಒಳಗೆ ಎಲ್ಲಾರ ಒಳ್ಳೆ ಜಾಗ್ದಲ್ಲಿ ಕೂರ್ಸಿ.’

‘ಕಟ್ ಮಾಡಿ ಪೇಸ್ಟ್ ಮಾಡಬಹುದು’ ಎಂದೆ.

ಕಂಟ್ರೋಲರು ಯೋಚಿಸಿದರು. ‘ಕಟ್ ಮಾಡಿ ಪೇಸ್ಟ್ ಮಾಡೋ ನಡುವೆ ಶ್ರೀ ಎಲ್ಲಿರ್ತದೆ?’

ನನ್ನ ಇಷ್ಟು ವರ್ಷದ ಕೆಲಸದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಲ್ಲೂ ಇರುವುದಿಲ್ಲ, ಮಷೀನಿನ ನೆನಪಿನಲ್ಲಿ ಇರುತ್ತದೆ ಎಂದೆ.

‘ಅದಾಗದಿಲ್ಲ. ಕರೆಂಟ್ ಓದ್ರೆ?’ ಎಂದರು. ‘ಮುಂದಿನ ಬಸ್ಸು ಬಂದು ನಿಂತ್ಮೇಲೇ ಈ ಬಸ್ಸಿಂದ ಇಳಿಸ್ಬೇಕು. ಮೊದ್ಲು ಅಲ್ಲಿ ಬರಿ. ಅಲ್ಲಿ ಕೂತದ್ದು ಖಾತ್ರಿ ಆದ್ಮೇಲೆ ಇಲ್ಲಿಂದ ತಗಿ.’

ಹಾಗೇ ಮಾಡಿದೆವು. ಫೈಲಿನೊಳಗೆ ಪ್ರತಿ ಬಸ್ಸಿಗೂ ಒಂದು ಹೆಸರಿತ್ತು. ಪುಣಜನೂರಿನಿಂದ ಬದನಗುಪ್ಪೆಗೆ ಹೋಗುವ ಬಸ್ಸಿಗೆ ಅವರು ‘ಹರದನಹಳ್ಳಿ’ ಎಂದು ಹೆಸರಿಟ್ಟಿದ್ದರು. ನನಗೆ ಅದು ಅವತ್ತೇ ಗೊತ್ತಾದದ್ದು. ಆ ಹೆಸರಿಗೆ ಮೊದಲು ಒಂದು ಶ್ರೀ ಬರೆದೆ. ‘ಶ್ರೀ ಹರದನಹಳ್ಳಿ.’ ಪ್ರೈವೇಟ್ ಬಸ್ಸಿನ ಹಣೆಯ ಮೇಲೆ ಇರುವ ಹಾಗೇ ಇತ್ತು. ಅವರು ಕನ್ನಡಕ ಏರಿಸಿ ಪರೀಕ್ಷಿಸಿ, ‘ಕೂತದೆ’ ಎಂದರು. ಆಮೇಲೆ ಅವರೇ ಕಣ್ಣು ಮುಚ್ಚಿಕೊಂಡು, ಮೇಲಿನ ಸಾಲನ್ನು ತೆಗೆದರು.

ಸೇವ್ ಮಾಡಿ, ಆಟ ತೆರೆದು, ಒತ್ತಿದೆ. ಬಣ್ಣದ ಚಕ್ರ ತಿರುಗಿತು. ಅತ್ತಿಗೆ ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಗುರುತು ಬಿದ್ದಿತ್ತು. ಪರದೆ ಕಪ್ಪಾಯಿತು, ಆಮೇಲೆ ಹಸಿರಾಯಿತು. ಕಾಡು ಬಂತು, ಪುಣಜನೂರು ಬಂತು, ಒತ್ತಕ್ಷರ ಕಳಚಿದ ಹರದನಹಳ್ಳಿ ಬಂತು. ಬಸ್ಸುಗಳು ಎಲ್ಲಿ ನಿಂತಿದ್ದವೋ ಅಲ್ಲಿಂದಲೇ ಹೊರಟವು. ಕಂಟ್ರೋಲರು ಕಾಫಿ ತರಲು ಕೂಗಿದರು. ಆ ಕೂಗು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು.

ಮರುದಿನ ಡಿಪೋದಲ್ಲಿ ಮ್ಯಾಕನ್ನು ತೆರೆದಿಟ್ಟಾಗ ಮ್ಯಾನೇಜರು ಮೊದಲು ಕೈಕಟ್ಟಿ ನಿಂತು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡರು. ‘ಪುಣಜನೂರ್ ಹತ್ರ ಆನೆ ಅಡ್ಡ ಬಂದ್ರೆ ಏನ್ ಮಾಡ್ತೀರಿ?’ ಎಂದು ಕೇಳಿದರು. ಅದು ಅಲ್ಲಿಯ ರಸ್ತೆಗೆ ನ್ಯಾಯವಾದ ಪ್ರಶ್ನೆಯೇ.

‘ಆನೇನೂ ಸೇರ್ಸಿವ್ನಿ ಸಾ’ ಎಂದರು ಕಂಟ್ರೋಲರು. 

ಕಾಡಿನ ತಿರುವಿನಲ್ಲಿ ರಸ್ತೆ ಮುಚ್ಚುವ ಒಂದು ಗುಂಡಿ ಒತ್ತಿದರು. ಬಸ್ಸು ನಿಂತಿತು. ಆನೆ ದಾಟುವಷ್ಟು ಹೊತ್ತು ಎಲ್ಲರೂ ಕಾದೆವು, ಮ್ಯಾನೇಜರೂ ಕಾದರು. ರಸ್ತೆ ಬಿಟ್ಟ ಮೇಲೆ ಶ್ರೀ ಹರದನಹಳ್ಳಿ ಓಡಿಕೊಂಡು ಬಂದು, ಫ್ಯಾಕ್ಟರಿ ಗೇಟು ಮುಚ್ಚುವ ಮೊದಲೇ ಬದನಗುಪ್ಪೆ ಮುಟ್ಟಿತು. ಮ್ಯಾನೇಜರು ತಾವೇ ಮೌಸು ಹಿಡಿದು ಇನ್ನೆರಡು ಆನೆ ಬಿಟ್ಟು ನೋಡಿದರು. ಹೊರಗೆ ಅವರಿಗಾಗಿ ಕಾಯುತ್ತಿದ್ದವರ ಸಾಲು ಬೆಳೆಯುತ್ತಾ ಹೋಯಿತು. ಕೊನೆಗೆ, ಪ್ರಯೋಗಕ್ಕೆ ಓಡಿಸೋಣ, ಜನ ಹತ್ತಿದರೆ ಉಳಿಸೋಣ ಎಂದರು.

ಜನ ಹತ್ತಿದರು. ಆ ಬಸ್ಸು ಇವತ್ತಿಗೂ ಓಡುತ್ತಿದೆ, ಅತ್ತಿಗೆ ಇವತ್ತಿಗೂ ಕಾಲರು ಹೊಲಿಯುತ್ತಾಳೆ. ಕಂಟ್ರೋಲರು ಇಲ್ಲ. ತಿಥಿಯ ದಿನ ಅವರ ಹೆಂಡತಿ ಮ್ಯಾಕನ್ನು ನನ್ನ ಕೈಗಿಟ್ಟು, ‘ನಿಲ್ಲಿಸ್ಬೇಡ ಕಣವ್ವ, ಓಡ್ತಾ ಇರ್ಲಿ’ ಎಂದರು. ಅವರನ್ನು ನೆನೆದಾಗ ನನಗೆ ಅಳು ಬರುತ್ತದೆ, ಆದರೆ ಹೆಚ್ಚು ಹೊತ್ತು ಅಳಲಾಗುವುದಿಲ್ಲ. ಆ ಮೊದಲ ದಿನ ಕಣ್ಣಮುಂದೆ ಬಂದು ನಿಲ್ಲುತ್ತದೆ.

ಆ ಬಸ್ಸು ಮೊದಲ ಸಲ ಬರುವ ದಿನ ಅವರು ಗುಂಡ್ಲುಪೇಟೆಯಿಂದ ಹಿಂದಿನ ಸಂಜೆಯೇ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಅತ್ತಿಗೆಯಿಂದ ಕಾಲರು ಪಾಸು ಮಾಡಿಸಿಕೊಂಡು, ಹರದನಹಳ್ಳಿ ಸ್ಟಾಪಿಗೆ ಬಂದು ನಿಂತರು. ಬಸ್ಸು ಬಂತು. ಹೆಂಗಸರು ಊಟದ ಡಬ್ಬಿ ಹಿಡಿದು ಒಬ್ಬೊಬ್ಬರಾಗಿ ಹತ್ತಿದರು. ಅತ್ತಿಗೆ ಕಿಟಕಿ ಪಕ್ಕ ಕೂತು ಕೈಬೀಸಿದಳು. ಕಂಡಕ್ಟರು ಹೊಸ ಹುಡುಗ, ಇವರು ಯಾರೆಂದು ಗೊತ್ತಿಲ್ಲ. ಕೆಳಗೇ ನಿಂತಿದ್ದವರನ್ನು ನೋಡಿ, ‘ಯಜಮಾನ್ರೇ, ಎಲ್ಲಿಗೆ?’ ಎಂದು ಕೇಳಿದ.

ಆಯುಷ್ಯಪೂರ್ತಿ ಊರಿಗೆಲ್ಲ ಕೇಳಿದ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೋ ಏನೋ. ಅವರ ಮುಖವೆಲ್ಲ ನಗುವಾಯಿತು.

‘ಎಲ್ಗೂ ಇಲ್ಲ ಕಣಪ್ಪ. ಸ್ಟಾಪು ಖಾಲಿ ಆಯ್ತದಾ ಅಂತ ನೋಡಕ್ ಬಂದೆ. ನೀನ್ ಓಗು, ರೈಟ್.’

ಬಸ್ಸಿನ ಮೈಯನ್ನು ಅಂಗೈಯಿಂದ ತಟ್ಟಿದರು. ಬಸ್ಸು ತಿರುವು ದಾಟಿ ಮರೆಯಾಗುವವರೆಗೆ ನೋಡಿದರು. ಆಮೇಲೆ ಬೆಂಚಿನ ಕಡೆ ಕಣ್ಣು ಹಾಯಿಸಿದರು, ಯಾರೂ ಇರಲಿಲ್ಲ. ಪಕ್ಕಕ್ಕೆ ತಿರುಗಿದರು, ನಾನಿದ್ದೆ.

‘ನೀನ್ಯಾಕಮ್ಮಿ ಇನ್ನೂ ನಿಂತಿದ್ದೀಯೆ?’ ಎಂದರು. ‘ಸ್ಟಾಪು ಖಾಲಿ ಆಗ್ಬೇಕಲ್ಲ. ನಡಿ, ನಾವೂ ಓಗನ.’